ಒಂಬತ್ತು ಹೆಜ್ಜೆ, ಒಂದು ತಿರುವು

ಮಾರ್ಚ್ ತಿಂಗಳ ರಾತ್ರಿ. ಪ್ಲ್ಯಾಟ್ ನದಿಯ ಸೇತುವೆಗೆ
ಅರ್ಧ ಮೈಲಿ ಈಚೆ, ಜಲ್ಲಿಯ ಅಂಚಿನಲ್ಲಿ
ನಾನು ಕೈ ಮಾಡಿ ನಿಲ್ಲಿಸಿದ್ದು ಒಂದು ಹಳೆಯ ಬ್ಯೂಕ್.
ಎರಡು ಸಲ ಬಿಳಿಗೆರೆ ಮುಟ್ಟಿತ್ತು. ಅಷ್ಟೇ.

ವರ್ಲಾ ಕುಚೇರಾ, ಅರವತ್ತೆರಡು,
ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಕುಡಿದಿದ್ದೀರಾ, ಅಂದೆ.
ಕುಡಿದೆ, ಅಂದಳು, ಫ್ಲಾಸ್ಕಿನ ಕಾಫಿ, ಅದೂ ಆರಿದ್ದು.
ಉಡಾಫೆ, ಎಂದು ಬರೆದುಕೊಂಡೆ.

ಮೂಗಿನಿಂದ ಗೇಣೂವರೆ ದೂರ ಪೆನ್ನು ಹಿಡಿದೆ.
ತಲೆ ಅಲ್ಲಾಡಬಾರದು, ಕಣ್ಣು ಮಾತ್ರ.
ಅವಳ ಕಣ್ಣು ಪೆನ್ನಿನ ಹಿಂದೆ ಹೋಗಿ
ಅಂಚು ತಲುಪಿದಾಗ ಸಣ್ಣಗೆ ಅದುರಿತು.
ನನ್ನ ಗಾಡಿಯ ಕೆಂಪು-ನೀಲಿ ದೀಪ
ಅವಳ ಮುಖದ ಮೇಲೆ ಗಿರಗಿರ ತಿರುಗುತ್ತಲೇ ಇತ್ತು.
ಅದನ್ನು ಬರೆಯಲಿಲ್ಲ.
ಆ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲೊಂದು ಗೆರೆ ಇದೆ ಅಂದುಕೊಳ್ಳಿ, ಅಂದೆ.
ಎಲ್ಲಿ?
ಅಂದುಕೊಳ್ಳಿ.
ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂಬತ್ತು ಹೆಜ್ಜೆ,
ತಿರುಗಿ, ಮತ್ತೆ ಒಂಬತ್ತು.
ನಾಲ್ಕನೆಯದಕ್ಕೆ ಕೈ ಮೇಲೆದ್ದಿತು.
ಆರನೆಯದಕ್ಕೂ ಏಳನೆಯದಕ್ಕೂ ನಡುವೆ
ಒಂದು ಬೆರಳು ನುಗ್ಗುವಷ್ಟು ಬೆಳಕು.
ಮಂಡಿ ಬದಲಾಯಿಸಿದ್ದಾರಪ್ಪ, ಉಕ್ಕಿನದು, ಅಂದಳು.
ಅದು ನನಗೆ ಕೇಳಿಸಿತು. ಪೆನ್ನಿಗೆ ಕೇಳಿಸಲಿಲ್ಲ.

ಆಮೇಲೆ ಒಂಟಿಕಾಲು. ಮೂವತ್ತರವರೆಗೆ ಎಣಿಸಬೇಕು.
ಅವಳ ಬೆನ್ನ ಹಿಂದೆ, ಮೊಣಕಾಲಿಲ್ಲದ ಕತ್ತಲಲ್ಲಿ,
ನದಿಯ ತೆಳುನೀರಿನಲ್ಲಿ ಸಾವಿರಾರು ಕೊಕ್ಕರೆ
ಒಂಟಿಕಾಲ ಮೇಲೆ ನಿದ್ದೆ ಹೋಗಿದ್ದವು.
ಹನ್ನೆರಡಕ್ಕೆ ವರ್ಲಾ ಕಾರಿನ ಬಾಗಿಲು ಹಿಡಿದಳು.

ಠಾಣೆಯ ಯಂತ್ರ ಸೊನ್ನೆ ಅಂತು.
ಹಾಗಾದರೆ ಮಾತ್ರೆ ಇರಬೇಕು, ಅಂದ ಸಾರ್ಜೆಂಟ್ ರುಂಗೆ.
ರಕ್ತ ಲಿಂಕನ್ನಿಗೆ ಹೋಯಿತು.
ಐದು ವಾರಕ್ಕೆ ಉತ್ತರ ಬಂತು: ಏನೂ ಇಲ್ಲ.
ಅಷ್ಟರಲ್ಲಿ ಅವಳ ಪಾಳಿ ಇನ್ನೊಬ್ಬಳದಾಗಿತ್ತು.

ಇದನ್ನೂ ಹೇಳಬೇಕು.
ಹಿಂದಿನ ಅಕ್ಟೋಬರಿನಲ್ಲಿ, ಅದೇ ರಸ್ತೆ, ಆರಿನ್ ಸ್ಟೂರ್.
ಮೂವತ್ತು ವರ್ಷ ಕೊಟ್ಟಿಗೆಗಳ ಸೂರು ಹೊದಿಸಿದವನು.
ಒಂಬತ್ತು ಹೆಜ್ಜೆ ಇಟ್ಟ ನೋಡಿ,
ಕೆಳಗೆ ನಲವತ್ತಡಿ ಗಾಳಿ ಇದೆ ಎಂಬಂತೆ,
ಒಂದೊಂದೂ ತೂಕ ಹಾಕಿದ ಹಾಗೆ.
ಒಂಟಿಕಾಲಲ್ಲಿ ಮೂವತ್ತು ಎಣಿಸಿ
ಮೂವತ್ತೊಂದು ಬೇಕಾ ಅಂತ ನಕ್ಕ. ಬಾಯಲ್ಲಿ ಪುದೀನ.
ಹುಷಾರು, ಅಂತ ಹೇಳಿ ಬಿಟ್ಟೆ.
ಹನ್ನೊಂದು ಮೈಲಿ ಆಚೆ ಯಾರದೋ ಅಂಚೆ ಡಬ್ಬ,
ಅದರ ಪಕ್ಕ ಒಂದು ಸೈಕಲ್.
ಸೈಕಲ್ಲಿನ ಬಣ್ಣ ನನಗೆ ಗೊತ್ತು. ಹೇಳುವುದಿಲ್ಲ.
ಅಮಲಿಗೂ ಅಭ್ಯಾಸವಾಗುತ್ತದಂತೆ, ಆಮೇಲೆ ಹೇಳಿದರು.

ಅದಕ್ಕೇ ಇರಬೇಕು, ವರ್ಲಾಳ ಹೆಜ್ಜೆಗಳನ್ನು
ಅಷ್ಟು ಜಿಪುಣನಾಗಿ ಎಣಿಸಿದ್ದು.
ಅವನ ಬಾಕಿ ಇವಳ ಲೆಕ್ಕಕ್ಕೆ ಬರೆದದ್ದು.

ಗ್ರ್ಯಾಂಡ್ ಐಲೆಂಡಿನಲ್ಲಿ ತರಬೇತಿ ಕೊಟ್ಟವನು
ಹತ್ತರಲ್ಲಿ ಎಂಟು ಸಲ ಸರಿ ಹೋಗುತ್ತೆ, ಅಂದಿದ್ದ.
ನಾವು ತಲೆದೂಗಿದ್ದೆವು. ಉಳಿದ ಎರಡಕ್ಕೆ
ಹೆಸರುಗಳಿರುತ್ತವೆ ಅಂತ ಯಾರಿಗೂ ಹೊಳೆಯಲಿಲ್ಲ.
ನಡೆ ನೋಡಿ ನುಡಿ ಅಳೆಯುವ ಕೆಲಸ ನನ್ನದು,
ಕೈಯಲ್ಲಿ ಇರುವುದು ಒಂದು ಪೆನ್ನು, ಇಲ್ಲದ ಒಂದು ಗೆರೆ.
ಇವೂ ಬೇಡವೆಂದರೆ
ಆ ಸೈಕಲ್ಲಿಗೆ ಏನು ಹೇಳಲಿ, ಅದೂ ಗೊತ್ತಿಲ್ಲ.

ಮೊನ್ನೆ ದಿನಸಿ ಅಂಗಡಿಯಲ್ಲಿ ಸಿಕ್ಕಳು.
ಹಗಲು ಹತ್ತು ಗಂಟೆ. ಒಂದು ಕೈಯಲ್ಲಿ ಹಾಲಿನ ಡಬ್ಬ,
ಇನ್ನೊಂದರಲ್ಲಿ ಈರುಳ್ಳಿ ಚೀಲ.
ನನ್ನನ್ನು ನೋಡಿದಳು, ನೋಡದವಳಂತೆ ಹೊರಟಳು:
ಎಡಕ್ಕೆ ಒಂದು ವಾಲು, ತಡೆದು, ನೇರ, ಮತ್ತೆ ವಾಲು.
ಅದು ಅವಳ ನಡಿಗೆ. ದಿನಾ ನಡೆಯುವ ನಡಿಗೆ.
ಬಾಗಿಲ ತನಕ ಹದಿನಾಲ್ಕು ಹೆಜ್ಜೆ.
ಬೇಡ ಬೇಡವೆಂದರೂ
ಎಣಿಸಿಬಿಟ್ಟಿದ್ದೆ.